ಹಾರ್ಮೆನ್‌ನ ಸರದಿ

ಖ್ರೋನಿಂಗನ್ ಊರಿನ ಕಾಲುವೆಯಲ್ಲಿ ಕಟ್ಟಿದ್ದ ನನ್ನ ದೋಣಿಮನೆಯ ಮೇಲೆ ಶನಿವಾರ ಸಂಜೆ ನಾವು ನಾಲ್ವರು ಗೆಳೆಯರು ಕೂರುತ್ತಿದ್ದೆವು. ಒಂದೇ ಗಾಂಜಾ ಸಿಗರೇಟು ಎಡಕ್ಕೆ ದಾಟುತ್ತಾ ಸುತ್ತು ಬರುತ್ತಿತ್ತು. ನನ್ನ ಎಡಕ್ಕೆ ಹಾರ್ಮೆನ್, ದೋಣಿಗಳಿಗೆ ಬಣ್ಣ ಬಳಿಯುವವನು. ಪಕ್ಕದಲ್ಲಿ ಯಾರೂ ಇಲ್ಲದಾಗಲೂ ಅವನಿಗೆ ದನಿಗಳು ಕೇಳಿಸುವ ಕಾಯಿಲೆ. ದಮ್ಮು ಎಳೆದರೆ ಅವು ಮೊದಲು ಅಡಗುತ್ತಿದ್ದವು, ಆಮೇಲೆ ಕಿರುಚುತ್ತಿದ್ದವು.

ಎರಡನೇ ಸಲ ಆಸ್ಪತ್ರೆಯಿಂದ ಬಂದವನು ಸೇದುವುದನ್ನು ಬಿಟ್ಟ, ಶನಿವಾರವನ್ನು ಬಿಡಲಿಲ್ಲ. ಸಿಗರೇಟು ಬಂದರೆ ಇಸಿದುಕೊಂಡು, ಬೂದಿ ಕೊಡವಿ, ತುಟಿಗಿಡದೆ ಮುಂದೆ ದಾಟಿಸುತ್ತಿದ್ದ.

"ಆಚೆಯವನಿಗೇ ಕೊಡ್ತೀನಿ ಕಣೋ, ನಿಂಗ್ಯಾಕೆ ಈ ಹೊಗೆ? ಮನೇಲಿರಬಾರ್ದಾ?" ಎಂದೆ ಒಮ್ಮೆ.

"ನನ್ನ ಸರದಿ ತಪ್ಪಿಸಿದ್ರೆ ಒದೀತೀನಿ ನೋಡು!" ಎಂದು ರೇಗಿದ. "ಮನೇಲಿ ಅವು ಮಾತಾಡ್ತವೆ, ಇಲ್ಲಿ ನೀವು ಮಾತಾಡ್ತೀರ. ನಿಮಗಿಂತ ಅವಕ್ಕೇ ಬುದ್ಧಿ ಜಾಸ್ತಿ. ಆದ್ರೆ ನೀವು ಕಣ್ಣಿಗೆ ಕಾಣಿಸ್ತೀರಲ್ಲ!"

ಅವನು ತೀರಿಕೊಂಡು ವರ್ಷಗಳಾದವು. ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ನನ್ನ ಹಾಳು ಕೈ ಮಾತ್ರ ಈಗಲೂ ಮೊದಲು ಅತ್ತಲೇ ಚಾಚಿ ನಿಲ್ಲುತ್ತದೆ. ಕೊಡವುವವರಿಲ್ಲದೆ ಬೂದಿ ತಾನಾಗಿಯೇ ಉದುರುತ್ತದೆ.