ತಂಗಿಯ ಮೇಲಿಟ್ಟ ಆಣೆ

ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಳೆಯ ಲಾಡ್ಜ್ ಇದೆ. ಅದರ ಕೆಳಗಿನ ಮಳಿಗೆಯಲ್ಲಿ ನನ್ನ ಟೈಲರ್ ಅಂಗಡಿ. ಬೆಟ್ಟಸ್ವಾಮಿ ಆ ಲಾಡ್ಜಿನ ರೂಮ್ ಬಾಯ್. ಐವತ್ತೆಂಟು ದಾಟಿದವನನ್ನು ಬಾಯ್ ಅನ್ನುವುದು ಲಾಡ್ಜಿನವರಿಗೆ ಮಾತ್ರ ಒಗ್ಗುವ ಮಾತು. ಈಗ ಯಾರಾದರೂ ಮೆಟ್ಟಿಲಿಳಿದು ಬಂದು ಇಲ್ಲಿ ಟವೆಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ "ಗೊತ್ತಿಲ್ಲ ಸಾರ್" ಅನ್ನುತ್ತಾನೆ, ಪೊರಕೆ ಎತ್ತಿಕೊಂಡು ಆಚೆ ಹೋಗುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಗೊತ್ತಿಲ್ಲವಂತೆ! ಅವನಿಗೆ ಗೊತ್ತಿಲ್ಲದ ಅಂಗಡಿ ಈ ಊರಲ್ಲಿ ಯಾವುದಿತ್ತು?

ಒಂದು ರಾತ್ರಿಗೆಂದು ಹೊರಟವರು ಮರೆಯುವಷ್ಟು ತಿಂಗಳುಗಟ್ಟಲೆ ಹೋಗುವವರು ಮರೆಯುವುದಿಲ್ಲ. ಕೊಬ್ಬರಿ ಹರಾಜಿಗೆ ಬರುವ ಉತ್ತರದ ಕಡೆಯ ವ್ಯಾಪಾರಿಗಳು, ಮದುವೆಗೆ ಬಂದ ನೆಂಟರು, ಔಷಧಿ ಕಂಪನಿಯ ಹುಡುಗರು, ಎಲ್ಲರೂ ಒಂದೊಂದು ಬಿಟ್ಟು ಬರುತ್ತಾರೆ. ಬ್ರಷ್ಷು, ಬಾಚಣಿಗೆ, ಚಾರ್ಜರು, ಪಿನ್ನು, ಲಂಗದ ಲಾಡಿ. ಒಬ್ಬ ಯಜಮಾನರಿಗೆ ಬೆಳಿಗ್ಗೆ ಲಿಂಗ ಕಟ್ಟುವ ಶಿವದಾರ ಕಿತ್ತುಹೋಗಿ, ಬೇರೆ ದಾರ ಕಟ್ಟಿಕೊಂಡು ಪೂಜೆ ಮಾಡುವವರೆಗೆ ನೀರೂ ಮುಟ್ಟುವುದಿಲ್ಲ ಎಂದು ಕೂತುಬಿಟ್ಟಿದ್ದರು. ಬೆಟ್ಟಸ್ವಾಮಿ ವಿಭೂತಿ ಅಂಗಡಿಯ ಮರುಳಸಿದ್ದಯ್ಯನವರ ಮನೆಗೇ ಹೋಗಿ, ಅವರು ಸ್ನಾನ ಮುಗಿಸಿ ಬರುವತನಕ ಕಾದು, ಅಂಗಡಿ ತೆಗೆಸಿ ದಾರ ತಂದಿದ್ದ. ಬಾಯಲ್ಲಿ ದಾರಿ ಹೇಳಿ ಸುಮ್ಮನಾಗುವ ಜಾತಿಯಲ್ಲ ಅವನು. "ನಡೀರಿ, ತೋರುಸ್ತೀನಿ" ಎಂದು ಚಪ್ಪಲಿ ಮೆಟ್ಟಿ ಜೊತೆಗೇ ಹೊರಟುಬಿಡುತ್ತಿದ್ದ. ಅಂಗಿಯ ಗುಂಡಿ ಕಿತ್ತುಕೊಂಡವರನ್ನು ನನ್ನ ಹತ್ತಿರ ಕರೆತರುತ್ತಿದ್ದ.

ಹೆಚ್ಚಿನವರನ್ನು ಕರೆದೊಯ್ಯುತ್ತಿದ್ದುದು ಮಾತ್ರ ತಂಗಿ ಬೋರಮ್ಮನ ಗೂಡಂಗಡಿಗೆ. ಅವರಿಬ್ಬರೂ ಚಿಕ್ಕನಾಯಕನಹಳ್ಳಿ ಕಡೆಯವರು. ಬೋರಮ್ಮನ ಗಂಡ ಕರಿಯಪ್ಪ ತೋಟದಿಂದ ತೋಟಕ್ಕೆ ಹೋಗಿ ಕಾಯಿ ಕೀಳುವವನು. ಒಂದು ದಿನ ಬಿಳಿಗೆರೆ ಕಡೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಅವನು ಚಾಪೆಯಿಂದ ಏಳಲಿಲ್ಲ. ಬೆಟ್ಟಸ್ವಾಮಿ ಇಬ್ಬರನ್ನೂ ತಿಪಟೂರಿಗೆ ಕರೆತಂದು, ಲಾಡ್ಜಿನ ಹಿಂದಿನ ಸಂದಿಯಲ್ಲಿ ಒಂದು ಕೋಣೆ ಹಿಡಿದುಕೊಟ್ಟು, ಅದರ ಎದುರಿಗೇ ತಗಡಿನ ಗೂಡಂಗಡಿ ಇಡಿಸಿದ. ಎದುರಿಗೇ ಏಕೆಂದರೆ, ಮಲಗಿದವನನ್ನು ಆಗಾಗ ಮಗ್ಗುಲು ತಿರುಗಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೋರಮ್ಮ ಒಂದು ಸೋಪು ಮಾರುವಳು, ಒಳಗೆ ಹೋಗಿ ಗಂಡನನ್ನು ತಿರುಗಿಸುವಳು, ಬಂದು ಮತ್ತೆ ಕೂರುವಳು.

ಅಂಗಡಿಯಲ್ಲಿ ಏನಿಡಬೇಕೆಂದು ಹೇಳಿಕೊಟ್ಟವನೂ ಅಣ್ಣನೇ. ಲಾಡ್ಜಿಗೆ ಬಂದವರು ಏನು ಮರೆಯುತ್ತಾರೋ ಅದಷ್ಟೇ ಅಲ್ಲಿತ್ತು. ಜನರ ಮರೆವೇ ಬೋರಮ್ಮನ ಬಂಡವಾಳ ಎಂದು ನಾನು ರೇಗಿಸುತ್ತಿದ್ದೆ. "ನಿಮ್ ಬಾಯಿ ಹರಕೆಯಿಂದ ಎಲ್ಲ ಇನ್ನೂ ವಸಿ ಮರೀಲಿ ಬುಡಿ ಮಾಸ್ಟ್ರೇ" ಎಂದು ನಗುತ್ತಿದ್ದಳು. ಆದರೆ ಸಂದಿ ರಸ್ತೆಗೆ ಕಾಣುವುದಿಲ್ಲ. ಯಾರಾದರೂ ಕೈಹಿಡಿದು ಕರೆದೊಯ್ಯದಿದ್ದರೆ ಅಲ್ಲೊಂದು ಅಂಗಡಿ ಇದೆ ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಹೀಗಿರುವಾಗ ಲಾಡ್ಜಿನ ಯಜಮಾನರು ರೇಣುಕಪ್ರಸಾದ್ ವಯಸ್ಸಾಯಿತೆಂದು ಕೌಂಟರನ್ನು ಮಗ ಮಹಾಂತೇಶನ ಕೈಗೆ ಬಿಟ್ಟರು. ಮಹಾಂತೇಶ ಕೆಟ್ಟವನಲ್ಲ. ಆರಂಭಶೂರ. ಗಿರಾಕಿಗಳು ಹೊರಗೆ ಹೋಗಿ ಕೊಳ್ಳುವುದನ್ನು ನಾವೇ ಏಕೆ ಮಾರಬಾರದು ಎಂದು ಅವನಿಗೆ ಹೊಳೆಯಿತು. ಕೌಂಟರಿನ ಪಕ್ಕ ಗಾಜಿನ ಬೀರು ಬಂತು. ಅದರೊಳಗೆ ಬ್ರಷ್ಷು, ಪೇಸ್ಟು, ಬಾಚಣಿಗೆ, ಸೋಪು ಸೇರಿಸಿ ಕಟ್ಟಿದ ಪೊಟ್ಟಣಗಳು. ಅವತ್ತು ಬೆಟ್ಟಸ್ವಾಮಿಯನ್ನು ಕರೆದು, ಇನ್ನು ಮೇಲೆ ಯಾರಿಗೂ ಹೊರಗಿನ ಅಂಗಡಿ ತೋರಿಸಕೂಡದು ಎಂದು ಹೇಳಿದ. ಬೆಟ್ಟಸ್ವಾಮಿ ತಲೆಯಾಡಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನೂ ನಾಲ್ಕು ದಿನ ಸುಮ್ಮನಿದ್ದು, ಆಮೇಲೆ ಕದ್ದುಮುಚ್ಚಿ ತಂಗಿಯ ಕಡೆಗೆ ಒಬ್ಬೊಬ್ಬರನ್ನು ಕಳಿಸುತ್ತಿದ್ದ. ಹಾಗಾಗುತ್ತದೆಂದು ಮಹಾಂತೇಶನಿಗೂ ಗೊತ್ತಿತ್ತು. ನಗುತ್ತಲೇ ಅಂದನಂತೆ: "ಹಂಗಲ್ಲ ಬೆಟ್ಟಣ್ಣ. ಯಾರ್ಗೂ ಯಾವ್ ಅಂಗ್ಡೀನೂ ತೋರ್ಸಲ್ಲ ಅಂತ ಆಣೆ ಮಾಡು. ಆ ನಿನ್ ತಂಗಿ ಮೇಲೇ ಆಣೆ ಮಾಡು, ನೋಡಾಣ."

ಬೆಟ್ಟಸ್ವಾಮಿ ಆಣೆ ಮಾಡಿದ. ಯಜಮಾನರ ಮಗ ಎದುರಿಗೆ ನಿಂತು ಕೇಳುವಾಗ ಇಲ್ಲ ಅನ್ನುವ ಬಾಯಿ ಅವನಿಗೆ ಯಾವತ್ತೂ ಇರಲಿಲ್ಲ.

ಆಣೆಯೆಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಮಾತಿನ ಒಗ್ಗರಣೆ. ಸಂತೆಯಲ್ಲಿ ಬದನೆಕಾಯಿ ಮಾರುವವಳೂ ಮಕ್ಕಳಾಣೆ ಹಾಕುತ್ತಾಳೆ. ಬೆಟ್ಟಸ್ವಾಮಿಯ ಮನೆಯಲ್ಲಿ ಅದು ಹಾಗಲ್ಲ. ಅವನ ಅಪ್ಪ ಹಿರಿಮಗನ ತಲೆ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ್ದ. ಹಬ್ಬ ಬಂತು, ಕುಡಿದ. ಆ ಮಳೆಗಾಲದಲ್ಲೇ ಹುಡುಗ ಜ್ವರ ಬಂದು ಹೋದ. ಜ್ವರ ಊರಿಗೆಲ್ಲ ಬಂದಿತ್ತು, ಇನ್ನೂ ಎಷ್ಟೋ ಮಕ್ಕಳು ಹೋದವು. ಆದರೆ ಅವ್ವ ಸಾಯುವತನಕ ಗಂಡನನ್ನು "ಮಗನನ್ನು ತಿಂದವನು" ಅಂತಲೇ ಕರೆದಳು. ಅದನ್ನು ಕೇಳುತ್ತಾ ಬೆಳೆದವನು ಬೆಟ್ಟಸ್ವಾಮಿ. ಗಿರಾಕಿಯೊಬ್ಬನನ್ನು ಸಂದಿಗೆ ಕಳಿಸಿದರೆ ಬೋರಮ್ಮ ಸಾಯುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕಳಿಸದಿದ್ದರೆ ಅವಳ ಅಂಗಡಿ ಸಾಯುತ್ತದೆ ಎಂಬುದರಲ್ಲೂ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಇದೊಂದೂ ನನಗೆ ಆಗ ತಿಳಿದಿರಲಿಲ್ಲ. ಗುಂಡಿ ಹಾಕಿಸಲು ಬರುವವರು ನಿಂತುಹೋದರು ಎಂಬುದಷ್ಟೇ ಕಂಡಿತ್ತು. ಬೋರಮ್ಮನಿಗೂ ಏನೂ ತಿಳಿಯಲಿಲ್ಲ. ಅಣ್ಣ ಬರುತ್ತಾನೆ, ಗಂಡನನ್ನು ಎತ್ತಿ ಸ್ನಾನ ಮಾಡಿಸಿ ಹೋಗುತ್ತಾನೆ, ಗಿರಾಕಿ ಮಾತ್ರ ಒಬ್ಬನೂ ಬರುವುದಿಲ್ಲ. ಏಕೆಂದು ಕೇಳಿದರೆ "ಲಾಡ್ಜು ಡಲ್ಲು ಕಣವ್ವ" ಅನ್ನುತ್ತಾನೆ. ಲಾಡ್ಜಿನ ಮಹಡಿಯಲ್ಲಿ ಒಣಹಾಕಿದ ಬೆಡ್‌ಶೀಟುಗಳು ಸಂದಿಗೆ ಕಾಣುತ್ತವೆ. ಯಾವತ್ತು ಎಷ್ಟು ರೂಮು ತುಂಬಿತ್ತು ಎಂದು ಅವಳು ಕೂತಲ್ಲೇ ಹೇಳಬಲ್ಲಳು. ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು, ಏಕೆ ಹೇಳುತ್ತಿದ್ದಾನೆ ಎಂದು ಗೊತ್ತಾಗಲಿಲ್ಲ.

ಗಾಜಿನ ಬೀರುವಿನ ಕತೆ ಕೇಳಿದರೆ ನಗು ಬರುತ್ತದೆ. ಪೊಟ್ಟಣಗಳು ಮೂರೋ ನಾಲ್ಕೋ ತಿಂಗಳಲ್ಲಿ ಮುಗಿದವು. ಮಹಾಂತೇಶ ಮತ್ತೆ ತರಿಸಲಿಲ್ಲ. ಅಷ್ಟರಲ್ಲಿ ಅವನಿಗೆ ತುರುವೇಕೆರೆ ರಸ್ತೆಯಲ್ಲಿ ಪಾರ್ಟಿ ಹಾಲ್ ಕಟ್ಟಿಸುವ ಹುಚ್ಚು ಹತ್ತಿತ್ತು. ಬೀರುವಿನೊಳಗೆ ಕೀ ಗೊಂಚಲು, ಕೆಟ್ಟ ಬಲ್ಬು, ಯಾರೋ ಬಿಟ್ಟುಹೋದ ಒಂಟಿ ಕಾಲುಚೀಲ ಬಂದು ಕೂತವು. ಈಗ ಗಿರಾಕಿ ಕೇಳಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಆಣೆ ಮಾಡಿಸಿದವನು ಮರೆತ, ಮಾಡಿದವನು ಹಿಡಿದುಕೊಂಡು ಕೂತ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ವರ್ಷದ ಗೌರಿ ಹಬ್ಬ. ಬೆಟ್ಟಸ್ವಾಮಿ ಎಂದಿನಂತೆ ತಂಗಿಗೆ ಮೊರದ ಬಾಗಿನ ತೆಗೆದುಕೊಂಡು ಹೊರಟ. ಬಳೆ, ರವಿಕೆ ಕಣ, ಕಾಯಿ, ಬೆಲ್ಲ. ರವಿಕೆ ಹೊಲಿದುಕೊಡಬೇಕಲ್ಲ, ಅಳತೆ ಕೇಳೋಣವೆಂದು ನಾನೂ ಜೊತೆಗೆ ಹೋದೆ. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಪೇಸ್ಟಿನ ಡಬ್ಬಿಗಳ ಮೇಲೆ ಬಿಸಿಲು ಬಿದ್ದು ಬಣ್ಣ ಹೋಗಿತ್ತು. ಬೋರಮ್ಮ ಎದ್ದು ಬಂದಳು, ಮೊರಕ್ಕೆ ಕೈ ಚಾಚಲಿಲ್ಲ.

"ಬಾಗ್ನ ಬ್ಯಾಡ ಕಣಣ್ಣ" ಅಂದಳು. "ಒಬ್ಬ ಗಿರಾಕೀನ ಕಳ್ಸು, ಸಾಕು."

ಬೆಟ್ಟಸ್ವಾಮಿ ಮೊರ ಹಿಡಿದುಕೊಂಡೇ ನಿಂತ. ಒಳಗಿನಿಂದ ಕರಿಯಪ್ಪ, "ಹಬ್ಬದ ದಿನ ತವರಿನ ಬಾಗ್ನ ಬ್ಯಾಡ ಅನ್ಬಾರ್ದು ಕಣೇ, ಈಸ್ಕೋ" ಎಂದು ಕೂಗಿದ. ಗಂಡನ ಮಾತಿಗೆ ಈಸಿಕೊಂಡಳು. ಅಣ್ಣನಿಗೆ ನಮಸ್ಕಾರ ಮಾಡಲಿಲ್ಲ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಏನಯ್ಯಾ ನಿನಗೆ ಬಂದಿರುವ ದೊಡ್ಡರೋಗ, ಒಡಹುಟ್ಟಿದವಳ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕುತ್ತಿದ್ದೀಯಲ್ಲ ಎಂದು ರಸ್ತೆಯಲ್ಲೇ ಬೈದೆ. ಆಗ ಹೇಳಿದ, ಎಲ್ಲವನ್ನೂ, ಬೇಲಿಯ ಕಲ್ಲಿನ ಮೇಲೆ ಕೂತು. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಔಳ್ಗೆ ಮಾತ್ರ ಹೇಳ್ಬ್ಯಾಡಿ ಮಾಸ್ಟ್ರೇ. ಗೊತ್ತಾದ್ರೆ ಮುರಿ ಅಂತಾಳೆ. ಔಳು ಅಂದ್ರೆ ನಾನು ಮುರ್ದುಬುಡ್ತೀನಿ" ಅಂದ.

ಮಾರನೆಯ ದಿನವೇ ನಾನು ಮಹಾಂತೇಶನ ಮುಂದೆ ನಿಂತೆ. ಆಣೆ ಇಡಿಸಿಕೊಂಡವರೇ ಅದನ್ನು ಬಿಡಬೇಕು, ಅದು ಪದ್ಧತಿ. ಅವನು ಫೋನಿನಿಂದ ತಲೆಯೆತ್ತಿ, "ಯಾವ್ ಆಣೆ ಮಾಸ್ಟ್ರೇ?" ಅಂದ. ವಿವರಿಸಿದೆ. "ಅಯ್ಯೋ, ನಾನ್ಯಾವಾಗ ಮಾಡ್ಸಿದ್ನೋ! ನಂಗ್ ನೆನ್ಪೇ ಇಲ್ಲ ಕಣ್ರೀ. ಆಯ್ತು, ಬಿಟ್ಟೆ ಅಂತ ಹೇಳ್ಬಿಡಿ" ಎಂದು ನಕ್ಕ. ನಾನು ಮೆಟ್ಟಿಲು ಹಾರಿ ಇಳಿದು ಬೆಟ್ಟಸ್ವಾಮಿಗೆ ಹೇಳಿದೆ. ಅವನ ಮುಖ ಒಂದು ಗಳಿಗೆ ಅರಳಿತು.

"ಏನಂತ ಬುಟ್ರು?"

"ನೆನಪಿಲ್ಲವಂತೆ. ಆದರೂ ಬಿಟ್ಟೆ ಅಂದರು."

"ನೆನಪೇ ಇಲ್ದೋರು ಯಾವುದನ್ನ ಬುಡ್ತಾರೆ ಮಾಸ್ಟ್ರೇ?" ಅಂದ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊಟ್ಟವನಿಗೇ ಗುರುತು ಸಿಗದ ಸಾಲವನ್ನು ತೀರಿತು ಅಂದರೆ ತೀರುತ್ತದೆಯೇ ಎಂದು ನನ್ನನ್ನೇ ಕೇಳಿದ. ಮುಟ್ಠಾಳ ಎಂದು ಬೈದೆ. ಬೈಸಿಕೊಂಡು ನೀರಿನ ಬಕೆಟ್ಟು ಎತ್ತಿಕೊಂಡು ಹೋದ. ಅವತ್ತಿನಿಂದ ಲಾಡ್ಜಿನಿಂದ ಇಳಿದು ಬಂದವರನ್ನು ನಾನೇ ಹಿಡಿದು ಸಂದಿಗೆ ಕಳಿಸತೊಡಗಿದೆ. ಹೊಲಿಗೆ ಬಿಟ್ಟು ಎಷ್ಟು ಜನರನ್ನು ಹಿಡಿಯಲಿ? ಸಿಕ್ಕವರು ಒಬ್ಬಿಬ್ಬರು, ಅದರಲ್ಲಿ ಹೋದವರು ಅರ್ಧ.

ದೀಪಾವಳಿಯ ಹೊತ್ತಿಗೆ ಬೋರಮ್ಮ ಅಂಗಡಿಯ ಬಾಗಿಲು ಹಾಕಿದಳು. ತುರುವೇಕೆರೆ ಕಡೆಯ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮುಂಚೆ ವ್ಯಾನು ಬಂದು ಕರೆದೊಯ್ಯುತ್ತಿತ್ತು, ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ಕರಿಯಪ್ಪ ಹಗಲೆಲ್ಲ ಒಬ್ಬನೇ. ಬೆಟ್ಟಸ್ವಾಮಿ ಲಾಡ್ಜಿನ ಕೆಲಸದ ನಡುವೆ ಓಡಿಹೋಗಿ ತಿರುಗಿಸಿ ಬರುತ್ತಿದ್ದ. ಮದುವೆ ತಿಂಗಳು. ರೂಮುಗಳು ತುಂಬಿದ ದಿನ ಓಡಲಾಗುತ್ತಿರಲಿಲ್ಲ. ಬೆನ್ನು ಹುಣ್ಣಾಯಿತು. ಹುಣ್ಣಿನಿಂದ ಜ್ವರ ಬಂತು. ಸಂಕ್ರಾಂತಿಗೆ ಇನ್ನೂ ವಾರವಿರುವಾಗ, ಬೋರಮ್ಮ ಫ್ಯಾಕ್ಟರಿಯಲ್ಲಿದ್ದಾಗಲೇ, ಕರಿಯಪ್ಪ ಹೋಗಿಬಿಟ್ಟ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಬೆಟ್ಟಸ್ವಾಮಿಯೇ ಮುಂದಿದ್ದ. ಬೋರಮ್ಮ ಅವನ ಕಡೆ ಕಣ್ಣೆತ್ತಿ ನೋಡಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ನಾನು ಅವಳ ಕೋಣೆಗೆ ಹೋದೆ. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ಅಣ್ಣ ನಿನ್ನನ್ನು ಕೈಬಿಟ್ಟಿರಲಿಲ್ಲ ಕಣವ್ವ, ಹೀಗೆ ಹೀಗೆ ಆಯಿತು ಎಂದು ಮೊದಲಿನಿಂದ ಹೇಳಿದೆ. ಸಮಾಧಾನವಾದೀತು ಅಂದುಕೊಂಡಿದ್ದೆ. ಅವಳು ಕೊನೆಯವರೆಗೂ ಕೇಳಿದಳು. ಸಿಪ್ಪೆ ಹೆರೆದು ಕುಯ್ದುಹೋದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅಂಗಾರೆ ನನ್ ಜೀವ ಉಳ್ಸವ್ನೆ ನಮ್ಮಣ್ಣ" ಅಂದಳು.

"ಹೂಂ ಕಣವ್ವ."

"ನನ್ನೊಂದ್ ಮಾತು ಕೇಳ್ಬೋದಾಗಿತ್ತು. ಮುರಿಯಣ್ಣ, ಸತ್ರೆ ಸಾಯ್ತೀನಿ, ಔರ್ ಮುಂದೆ ಮುತ್ತೈದೆಯಾಗ್ ಹೋಯ್ತೀನಿ ಅಂತಿದ್ದೆ." ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ಉಳ್ಸಿರೋದು ಯಾತಕ್ಕೆ ಅಂತ ಕೇಳಿ ಮಾಸ್ಟ್ರೇ. ಈ ಜೀವ ಇಟ್ಕೊಂಡು ನಾನೇನ್ ಮಾಡ್ಲಿ ಅಂತ ಕೇಳಿ."

ಹೇಳಬಾರದಿತ್ತು, ಅಥವಾ ಯಾವತ್ತೋ ಹೇಳಬೇಕಿತ್ತು. ಎದ್ದು ಬಂದೆ. ಲಾಡ್ಜಿನ ಬಾಗಿಲಲ್ಲಿ ಬೆಟ್ಟಸ್ವಾಮಿ ಒಗೆದ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದ. ನಾನು ಸಂದಿಯಿಂದ ಬರುವುದನ್ನು ಕಂಡು ಎದ್ದು ನಿಂತ.

"ಬೋರಿ ಹೆಂಗವ್ಳೆ ಮಾಸ್ಟ್ರೇ?"

"ಇದ್ದಾಳೆ" ಅಂದೆ.

"ಜೀವವಾಗವ್ಳಲ್ಲ, ಅಷ್ಟು ಸಾಕು ಬುಡಿ" ಅಂದ.