ಬೀದರಿಗೆ ಎರಡು ಅರ್ಜಿ

ಖಟಾಖಟ್, ಖಟಾಖಟ್. ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಈ ಸದ್ದಿನ ಮೇಲೆ ಕೂಗಿಯೇ ಮಾತಾಡಬೇಕಿತ್ತು. ಹುನ್ನೂರಿನಿಂದ ಪ್ರತಿ ರವಿವಾರ ನನ್ನ ಹತ್ತಿರ ಟ್ಯೂಶನ್ನಿಗೆ ಬರುತ್ತಿದ್ದ ಹುಡುಗಿಯೂ ಹಾಗೇ ಕೂಗುತ್ತಿದ್ದಳು. ಒಮ್ಮೆ ತಟ್ಟನೆ ಕರೆಂಟ್ ಹೋಗಿ ಮಗ್ಗಗಳು ನಿಂತವು. ಅವಳ ಮಾತು ಬೀದಿಗೆಲ್ಲ ಕೇಳಿತು: "ಮಾಮಾಗ ಮಾತ್ರ ಹೇಳಬ್ಯಾಡ್ರಿ ಅಕ್ಕಾರ!"

ಮಾಮಾ ಎಂದರೆ ಅವಳ ತಾಯಿಯ ತಮ್ಮ. ಅವಳು ಜಮಖಂಡಿಯಲ್ಲಿ ಡಿಗ್ರಿ ಮುಗಿಸಿದ ಕೂಡಲೇ ಅವನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವಳಿಗೋ, ಬೀದರಿಗೆ ಹೋಗಿ ಕುರಿ-ದನದ ಡಾಕ್ಟರ್ ಆಗಬೇಕು.

ನಾನು ಕಾನ್ವೆಂಟಿನಲ್ಲಿ ಕಲಿತವಳು, ಅರ್ಜಿ ಫಾರ್ಮಿನ ವಿಷಯದಲ್ಲಿ ವೆರಿ ಪರ್ಟಿಕ್ಯುಲರ್. ಪ್ರಾಸ್ಪೆಕ್ಟಸ್ ಓದಿ ಲಿಸ್ಟ್ ಮಾಡಿದೆ: ಮೊದಲು ಬೀದರ, ಆಮೇಲೆ ಧಾರವಾಡದ ಕೃಷಿ ಪದವಿ, ಯಾವುದೂ ಆಗದಿದ್ದರೆ ಜಮಖಂಡಿಯ ಬಿ.ಎಸ್ಸಿ.

"ಅಷ್ಟ ದೂರ ಕಳಸೂದಂದ್ರ ಬೀರಪ್ಪನ್ನ ಕೇಳಬೇಕ್ರಿ," ಎಂದ ಅವಳಪ್ಪ.

ಕೇಳುವುದೆಂದರೆ ಹೂ ಕೇಳುವುದು. ದೇವರ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಎಸಳು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು. ಆ ವರ್ಷ ಪೂಜೆಯ ಸರದಿ ಯಾರದು? ಈ ಮಾಮಾನದೇ! ನಾನೂ ಹುನ್ನೂರಿಗೆ ಹೋಗಿ ಅವನ ಬೆರಳುಗಳ ಮೇಲೆ ಕಣ್ಣಿಟ್ಟು ಕೂತೆ.

ಬಲಗಡೆಯ ಎಸಳು ಐದೇ ನಿಮಿಷದಲ್ಲಿ ಉದುರಿತು. ಹುಡುಗಿ ಅತ್ತುಬಿಟ್ಟಳು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಟೂ ಈಸಿ.

"ಅರ್ಜಿ ಕವರ್ ಕೊಡ್ರಿ ಅಕ್ಕಾರ, ನಾಳಿ ಜಮಖಂಡಿಗೆ ಹೊಂಟೇನಿ. ರಿಜಿಸ್ಟರ್ ಮಾಡಸ್ತೇನಿ," ಎಂದ ಮಾಮಾ.

ಕವರ್ ಕೊಟ್ಟೆ. ಓಹೋ ಎಂದುಕೊಂಡೆ. ದೇವರ ಮುಂದೆ ದೊಡ್ಡ ಮನುಷ್ಯನಾಗಿ, ದಾರಿಯಲ್ಲಿ ಕವರನ್ನು ಹರಿದು ಒಗೆಯುವ ಪ್ಲ್ಯಾನು! ಬೀದರಿನ ಒಂದು ಫಾರ್ಮ್ ಕೆಟ್ಟರೆ ಇರಲಿ ಎಂದು ಅವಳ ಸಹಿ ಹಾಕಿಸಿದ್ದ ಇನ್ನೊಂದು ನನ್ನ ಬಳಿಯಿತ್ತು. ಯಾರಿಗೂ ಹೇಳದೆ ಅದನ್ನು ತುಂಬಿ ಬನಹಟ್ಟಿಯಿಂದ ಕಳಿಸಿದೆ.

ತಿಂಗಳ ಮೇಲೆ ಪತ್ರ ಬಂತು. ಒಬ್ಬಳೇ ಎರಡು ಅರ್ಜಿ ಹಾಕಿದ್ದರಿಂದ ಎರಡೂ ರದ್ದು. ಪ್ರಾಸ್ಪೆಕ್ಟಸ್ಸಿನಲ್ಲಿ ಆ ನಿಯಮದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದವಳು ನಾನೇ. ಧಾರವಾಡಕ್ಕೆ ಮಾರ್ಕ್ಸ್ ಸಾಲಲಿಲ್ಲ. ಅವಳು ಜಮಖಂಡಿಯಲ್ಲಿ ಬಿ.ಎಸ್ಸಿ. ಸೇರಿದಳು. ನಡೆದದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ, ರವಿವಾರ ಬರುವುದನ್ನು ನಿಲ್ಲಿಸಿದಳು, ಅಷ್ಟೇ.

ಮರುವರ್ಷ ಬೇಸಿಗೆಯಲ್ಲಿ ಮಾಮಾ ಒಬ್ಬನೇ ಬಂದ. ಕೂರಲಿಲ್ಲ.

"ಬೀದರದ ಫಾರ್ಮ್ ತಂದೇನ್ರಿ. ಸಹಿ ಮಾಡ್ಯಾಳ. ಬರದ ಕೊಡ್ರಿ."

"ಆಕಿ ಅಪ್ಪ ಏನಂತಾನ?"

"ದೇವರು ಒಮ್ಮಿ ಹೂಂ ಅಂದಾನ, ಅಂವ ಏನ್ ಅಂತಾನ್ರಿ?"

"ಮತ್ತ ನಿನ್ನ ಲಗ್ನ?"

"ಆಕಿ ಮನಸಿನ್ಯಾಗ ನಾ ಇಲ್ರಿ. ಕುರಿ ಕಾಯಾವಗ ಅಷ್ಟೂ ತಿಳಿಯೂದಿಲ್ಲೇನು?"

ಬರೆದು ಮುಗಿಸಿದೆ. ಅವನು ಗಂಭೀರವಾಗಿ ಕೇಳಿದ: "ಟಪಾಲಿಗೆ ಹಾಕೂದು ನೀವೋ, ನಾನೋ? ಈಗ ಫೈನಲ್ ಮಾಡ್ರಿ. ಈ ಸಲ ಇಬ್ಬರೂ ಹಾಕೂದು ಬ್ಯಾಡ."

ಕವರನ್ನು ಅವನ ಕೈಗೇ ಕೊಟ್ಟೆ.

ಆ ಮಳೆಗಾಲದಲ್ಲಿ ಹುಡುಗಿ ಬೀದರಿಗೆ ಹೋದಳು. ಅವನು ಮಾತ್ರ ನನಗೆ ಮತ್ತೆ ಕಾಣಲಿಲ್ಲ. ಕಡೆಯ ಬಾರಿ ನೋಡಿದ್ದು ಅವತ್ತೇ, ನಮ್ಮ ಮಾಳಿಗೆಯ ಮೇಲಿನಿಂದ. ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಗಾಡಿ ಹತ್ತಿದವನು ಪೋಸ್ಟ್ ಆಫೀಸಿನ ಕಡೆಗೇ ತಿರುಗುತ್ತಾನೋ ಇಲ್ಲವೋ ಎಂದು, ಶೇಮ್ ಆನ್ ಮೀ, ಸುಡುಬಿಸಿಲಲ್ಲಿ ಮೆಟ್ಟಿಲು ಹತ್ತಿ ನಿಂತಿದ್ದೆ. ತಿರುಗಿದ.