ಲ್ಯಾಮಿನೇಷನ್ ಅಪ್ಪ

ಮಗಳ ಕಾಲೇಜಿಗೆಂದು ವಿದ್ಯಾರ್ಥಿವೇತನದ ಅರ್ಜಿ ಹಾಕಲು ಹೊರಟ ಅಪ್ಪನಷ್ಟು ತಲೆ ತಿನ್ನುವ ಗಿರಾಕಿ ನನ್ನ ಜೆರಾಕ್ಸ್ ಅಂಗಡಿಗೆ ಇನ್ನೊಬ್ಬನಿಲ್ಲ. ನಮ್ಮ ಬೀದಿಯ ಕೊಡೆ ರಿಪೇರಿಯವನನ್ನೇ ನೋಡಿ. ನಾನು ಶಟರ್ ಎತ್ತುವ ಮೊದಲೇ, ಕಾಗದಗಳನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾನೆ. ಆದಾಯ ಪ್ರಮಾಣಪತ್ರ ಹಾಳಾದೀತೆಂದು ಎಲ್ಲೋ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದ. ಕಚೇರಿಯವರು ಸೀಲು ಒತ್ತಿದರೆ ಪ್ಲಾಸ್ಟಿಕ್ಕಿನ ಮೇಲೆ ಶಾಯಿಯೇ ನಿಲ್ಲಲಿಲ್ಲ. ಅಲೆದಾಡಿ ಹೊಸದು ತಂದವನು ಅದಕ್ಕೂ ಲ್ಯಾಮಿನೇಷನ್ ಬೇಕೆಂದ! “ನಿನ್ನ ತಲೆಗೇ ಮಾಡ್ತೀನಿ, ಬಾರಯ್ಯ!” ಎಂದು ಗದರಿದೆ. “ಬೈಯೋದಿದ್ರೆ ಬೈ ಅಣ್ಣ, ಆದ್ರೆ ಮೂಲೆ ಮಡಚ್ಕೊಂಡಿದೆ, ನೋಡಿಲ್ಲಿ” ಅನ್ನುತ್ತಾನೆ ಆಸಾಮಿ. ತಾಯಿಯಿಲ್ಲದ ಹುಡುಗಿ, ಹಣ ಮಂಜೂರಾದರೆ ದೂರದ ಕಾಲೇಜು, ಇಲ್ಲದಿದ್ದರೆ ಅಪ್ಪನ ಪಕ್ಕದಲ್ಲಿ ಕೂತು ಕೊಡೆಗೆ ಬಟ್ಟೆ ಹೊಲಿಯುವುದು. ಇದನ್ನು ಕೇಳಿದವರಿಗೂ ಹೇಳುತ್ತಾನೆ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಾನೆ. “ಅವಳು ಹೋಗ್ಲೇಬೇಕಣ್ಣ, ಒಂದಕ್ಷರನೂ ತಪ್ಪಬಾರ್ದು” ಎಂದು ಕಂಪ್ಯೂಟರಿಗೆ ಮೂಗು ತಾಗಿಸುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಅರ್ಜಿ ತುಂಬುತ್ತ, “ಹಾಸ್ಟೆಲ್ ಬೇಕು ಅಂತ ಹಾಕ್ಲಾ?” ಎಂದು ಕೇಳಿದೆ. ಕಂಪ್ಯೂಟರಿಗೆ ತಾಗಿಸಿದ್ದ ಮೂಗನ್ನು ಹಿಂದಕ್ಕೆಳೆದುಕೊಂಡ. “ಹಾಕು” ಎಂದ. ಅರ್ಜಿ ಕಳಿಸಿಯಾಯಿತು, ಅವನು ಮಾತ್ರ ಕದಲಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. “ಮತ್ತೇನಯ್ಯ?” ಎಂದು ರೇಗಿದೆ. “ಏನಿಲ್ಲಣ್ಣ... ರಜಾ ಬಂದ್ರೆ ಹಾಸ್ಟೆಲ್ ಮುಚ್ತಾರಲ್ವಾ? ಮಕ್ಕಳನ್ನ ಮನೆಗೆ ಕಳಿಸ್ಲೇಬೇಕಲ್ವಾ?” ಹಾಸ್ಟೆಲಿನ ಮುಖವನ್ನೇ ಕಾಣದವನು ನಾನು. “ಮುಚ್ಚೇ ಮುಚ್ತಾರೆ” ಎಂದೆ.